ಯೋಕ್‌ನಿಂದ ಡಿನ್‌ಗೆ: ಡೈವಿಂಗ್ ರೆಗ್ಯುಲೇಟರಿನ ಜೋಡಣೆ ಬದಲಿಸುವ ಮುನ್ನ

ಊರಿನಿಂದ ಮೊದಲ ಸಲ ಕುವೈತಿಗೆ ಸಂಸಾರ ಹೂಡಲು ಬಂದವರ ಪೆಟ್ಟಿಗೆಯಲ್ಲಿ ಮಿಕ್ಸಿ ಇದ್ದೇ ಇರುತ್ತದೆ. ಬಂದ ಮರುದಿನವೇ ತೊಡಕು ಎದುರಾಗುತ್ತದೆ. ನಮ್ಮ ಮಿಕ್ಸಿಯ ಪ್ಲಗ್ಗಿಗೆ ಮೂರು ದುಂಡು ಕಡ್ಡಿ, ಇಲ್ಲಿನ ಗೋಡೆಯಲ್ಲಿ ಮೂರು ಚೌಕ ಕಿಂಡಿ. ಆಗ ದಾರಿ ಎರಡು. ಅಂಗಡಿಯಿಂದ ಅಡಾಪ್ಟರ್ ತಂದು ಸಿಕ್ಕಿಸುವುದು ಒಂದು, ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಪ್ಲಗ್ಗನ್ನೇ ಬದಲಿಸುವುದು ಇನ್ನೊಂದು. ನಮ್ಮಲ್ಲಿ ಬಹಳ ಮಂದಿ ಮೊದಲನೆಯದನ್ನು ಮಾಡಿ, ಇಪ್ಪತ್ತು ವರ್ಷ ಅದರಲ್ಲೇ ದೋಸೆ ಹಿಟ್ಟು ರುಬ್ಬಿದ್ದೇವೆ.

ಸಮುದ್ರದಡಿ ಉಸಿರಾಡಲು ಬಳಸುವ ಸ್ಕೂಬಾ ರೆಗ್ಯುಲೇಟರಿನಲ್ಲೂ ಇದೇ ಪ್ರಶ್ನೆ ಇದೆ. ಲೋಕದಲ್ಲಿ ಚಾಲ್ತಿಯಲ್ಲಿರುವ ಸಿಲಿಂಡರ್ ಜೋಡಣೆಗಳು ಮುಖ್ಯವಾಗಿ ಎರಡು: ಯೋಕ್ ಮತ್ತು ಡಿನ್. ನಮ್ಮ ಸಂಘದ ಮಕ್ಕಳಲ್ಲಿ ಈಗ ಹಲವರು ಡೈವಿಂಗ್ ಕಲಿತು ಶುಕ್ರವಾರ ದೋಣಿ ಹತ್ತುತ್ತಿದ್ದಾರೆ. ಕೆಲಸ ಬಿಟ್ಟು ತಮ್ಮ ದೇಶಕ್ಕೆ ಮರಳುವವರು ಮಾರಿಹೋಗುವ ಹಳೆಯ ಸಲಕರಣೆಯನ್ನು ಅವರು ಕೊಳ್ಳುತ್ತಾರೆ. ಅಲ್ಲಿಂದ ಈ ತೊಡಕು ನಮ್ಮ ಮನೆಗಳೊಳಗೆ ಬರುತ್ತದೆ, ನಮ್ಮ ಮನೆಗೂ ಬಂತು. ಮಿಕ್ಸಿಯ ಜೋಡಣೆ ಕೆಟ್ಟರೆ ಚಟ್ನಿ ತಡವಾಗುತ್ತದೆ ಅಷ್ಟೆ. ಇಲ್ಲಿ ಕೆಟ್ಟರೆ ಏನಾಗುತ್ತದೆ, ಬದಲಿಸುವುದು ಹೇಗೆ, ಯಾರು ಬದಲಿಸಬೇಕು ಎಂಬುದನ್ನು ಹೇಳಲು ಈ ಲೇಖನ.

ಬದಲಿಸುವ ಮಾತು ಏಕೆ ಬಂತು

ಕುವೈತಿನ ದಕ್ಷಿಣದ ಸಮುದ್ರದಲ್ಲಿ ಕುಬ್ಬರ್, ಖಾರೂಹ್, ಉಮ್ ಅಲ್ ಮರಾದಿಮ್ ಎಂಬ ಮೂರು ಪುಟ್ಟ ಹವಳದ ದ್ವೀಪಗಳಿವೆ. ಕುಬ್ಬರ್ ದಡದಿಂದ ಸುಮಾರು 30 ಕಿ.ಮೀ. ದೂರ. 1991ರ ವಿಮೋಚನೆಯ ನಂತರ ಹುಟ್ಟಿದ ಕುವೈತ್ ಡೈವ್ ಟೀಮ್ ಎಂಬ ಸ್ವಯಂಸೇವಕರ ತಂಡ ಈ ದ್ವೀಪಗಳ ಹವಳಕ್ಕೆ ಸಿಕ್ಕಿಕೊಂಡ ಮೀನುಬಲೆಗಳನ್ನೂ ಮುಳುಗಿದ ದೋಣಿಗಳನ್ನೂ ಎತ್ತುತ್ತ ಬಂದಿದೆ. ನನ್ನ ಮಗಳು ಡೈವಿಂಗ್ ಕಲಿತದ್ದೂ ಈ ದ್ವೀಪಗಳ ಸುತ್ತಲೇ.

ಒಂದು ಶುಕ್ರವಾರ ಕುಬ್ಬರ್ ಹತ್ತಿರ ಅವಳ ಜೊತೆಗಾತಿ ನೀರಿಗಿಳಿಯಲು ಸಿದ್ಧಳಾಗಿ ದೋಣಿಯ ಅಂಚಿನಲ್ಲಿ ಕೂತಿದ್ದಳಂತೆ. ಪಟಾಕಿ ಸಿಡಿದಂತೆ ಒಂದು ಸದ್ದು, ಹಿಂದೆಯೇ ಕಿವಿಗಡಚಿಕ್ಕುವ ಸುಯ್ ಎಂಬ ಶಬ್ದ. ಸಿಲಿಂಡರಿನ ಬಾಯಲ್ಲಿದ್ದ ಒಂದು ರಬ್ಬರ್ ಉಂಗುರ ಜಾಗ ಬಿಟ್ಟು ಹೊರಚಿಮ್ಮಿತ್ತು. ದೋಣಿಯ ಮೇಲೆ ನಡೆದದ್ದರಿಂದ ಎಲ್ಲರೂ ನಕ್ಕರು, ಉಂಗುರ ಬದಲಿಸಿ ಇಳಿದರು. ಮಗಳು ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದಳು. ಆದರೆ ಅವಳ ತಾಯಿ ನಗಲಿಲ್ಲ, ನಾನೂ ನಗಲಿಲ್ಲ. ಮುಂದಿನ ತಿಂಗಳು ಅವಳ ಗುಂಪಿನವರು ಡಿನ್ ವಾಲ್ವಿನ 12 ಲೀಟರ್ ಉಕ್ಕಿನ ಸಿಲಿಂಡರ್‌ಗಳನ್ನು ಕೊಂಡರು. ಅವಳ ರೆಗ್ಯುಲೇಟರ್ ಯೋಕ್. ಇಂಟರ್ನೆಟ್ಟಿನಲ್ಲಿ ಪರಿವರ್ತನೆಯ ಕಿಟ್ ತರಿಸಿ ನನ್ನ ಮುಂದಿಟ್ಟು, "ಅಪ್ಪ, ನಿಮ್ಮ ಕೈ ಇನ್ನೂ ನಡುಗುವುದಿಲ್ಲ, ನೀವೇ ಹಾಕಿಕೊಡಿ" ಎಂದಳು.

ರೆಗ್ಯುಲೇಟರ್ ಮಾಡುವ ಕೆಲಸ

ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಾಮಾನ್ಯ ಡೈವಿಂಗಿನಲ್ಲಿ ಅದು ನಾವು ಉಸಿರಾಡುವ ಗಾಳಿಯೇ, ಸೋಸಿ ಒಣಗಿಸಿ ಒತ್ತಿ ತುಂಬಿದ್ದು. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದರೆ ಒಳಗೆ ಸುಮಾರು 2400 ಲೀಟರ್ ಗಾಳಿ ಇರುತ್ತದೆ. ಕಾರಿನ ಟೈರಿನಲ್ಲಿರುವ ಒತ್ತಡ ಎರಡು ಬಾರ್ ಚಿಲ್ಲರೆ ಎಂಬುದನ್ನು ನೆನೆದರೆ 200 ಎಂದರೆ ಎಷ್ಟು ಎಂಬುದು ತಿಳಿಯುತ್ತದೆ. ಇಷ್ಟು ಒತ್ತಡದ ಗಾಳಿ ನೇರವಾಗಿ ಶ್ವಾಸಕೋಶಕ್ಕೆ ಹೋಗುವಂತಿಲ್ಲ.

ಅದಕ್ಕಾಗಿ ರೆಗ್ಯುಲೇಟರಿನಲ್ಲಿ ಎರಡು ಹಂತಗಳಿವೆ. ಸಿಲಿಂಡರಿಗೆ ಬಿಗಿಯುವ ಲೋಹದ ಗಟ್ಟಿ ಮೊದಲ ಹಂತ. ಅದು 200 ಬಾರ್ ಒತ್ತಡವನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಹೆಚ್ಚು ಇರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವುದು ಎರಡನೇ ಹಂತ. ಅದು ನಾವು ಉಸಿರೆಳೆದಾಗ ಮಾತ್ರ, ಆ ಆಳದ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗನ್ಯಾನ್ ಸೇರಿ ಇಂಥ ಉಪಕರಣವನ್ನು ಬಳಕೆಗೆ ತಂದರು. ಯುದ್ಧಕಾಲದ ಪೆಟ್ರೋಲ್ ಬರಗಾಲದಲ್ಲಿ ಕಾರುಗಳನ್ನು ಗ್ಯಾಸಿನಿಂದ ಓಡಿಸಲು ಗನ್ಯಾನ್ ರೂಪಿಸಿದ್ದ ವಾಲ್ವ್ ಅದರ ಮೂಲ.

ಈ ಮೊದಲ ಹಂತವೂ ಸಿಲಿಂಡರಿನ ವಾಲ್ವೂ ಕೂಡುವ ಜಾಗವೇ ನಮ್ಮ ವಿಷಯ. ಇಡೀ ಒತ್ತಡವನ್ನು ಅಲ್ಲಿ ತಡೆದು ನಿಲ್ಲಿಸುವುದು ಓ-ರಿಂಗ್ ಎಂಬ ಒಂದು ರಬ್ಬರ್ ಉಂಗುರ. ಕುಕ್ಕರಿನ ಗ್ಯಾಸ್ಕೆಟ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ಗಾತ್ರ ಮಾತ್ರ ಬೆರಳಿನ ಉಂಗುರಕ್ಕಿಂತ ಚಿಕ್ಕದು. ಕುಕ್ಕರಿನೊಳಗೆ ಇರುವುದು ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚಿನ ಒತ್ತಡ, ಇಲ್ಲಿ ಅದರ ಇನ್ನೂರು ಪಟ್ಟು. ಆ ಉಂಗುರದೊಳಗಿನ ಜಾಗ ಒಂದೂವರೆ ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೂ, 200 ಬಾರ್ ಒತ್ತಡ ಅಲ್ಲಿ ಸುಮಾರು 300 ಕಿಲೋ ಭಾರದಷ್ಟು ಬಲದಿಂದ ಎರಡು ಲೋಹಗಳನ್ನು ಬೇರ್ಪಡಿಸಲು ನೂಕುತ್ತಿರುತ್ತದೆ.

ನೊಗ ಮತ್ತು ತಿರುಪು

ಯೋಕ್ ಎಂದರೆ ನೊಗ. ಹೆಸರು ಸರಿಯಾಗಿಯೇ ಇದೆ. ಎತ್ತಿನ ಕೊರಳಿಗೆ ನೊಗ ಹೂಡಿದಂತೆ ರೆಗ್ಯುಲೇಟರಿಗೆ ಅಂಟಿದ ಲೋಹದ ಚೌಕಟ್ಟು ಸಿಲಿಂಡರಿನ ವಾಲ್ವನ್ನು ಸುತ್ತುವರಿಯುತ್ತದೆ. ಹಿಂದಿನ ದೊಡ್ಡ ತಿರುಪನ್ನು ಕೈಯಲ್ಲಿ ಬಿಗಿದರೆ ವಾಲ್ವಿನ ಮುಖವೂ ರೆಗ್ಯುಲೇಟರಿನ ಮುಖವೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಓ-ರಿಂಗ್ ಇರುವುದು ಸಿಲಿಂಡರಿನ ವಾಲ್ವಿನ ಮುಖದಲ್ಲಿ, ಒಂದು ತೆರೆದ ತೋಡಿನಲ್ಲಿ. ಅಂದರೆ ಅದು ನಿಮ್ಮದಲ್ಲ, ಸಿಲಿಂಡರ್ ಬಾಡಿಗೆಗೆ ಕೊಟ್ಟವರದು. ಬಿಸಿಲಿಗೆ ಒಣಗಿ ಸೀಳಿದ್ದರೂ ನೀವು ನೋಡಿಯೇ ತಿಳಿಯಬೇಕು. ದೋಣಿಯ ಓಲಾಟದಲ್ಲಿ ಸಿಲಿಂಡರ್ ಉರುಳಿ ನೊಗಕ್ಕೆ ಪೆಟ್ಟು ಬಿದ್ದರೆ ಒತ್ತುವಿಕೆ ಒಂದು ಕಡೆ ಕೂದಲೆಳೆಯಷ್ಟು ಸಡಿಲಗೊಳ್ಳಬಹುದು. ಅಷ್ಟೇ ಸಂದು ಉಂಗುರ ಹೊರಚಿಮ್ಮಲು ಸಾಕು. ಯೋಕ್ ಜೋಡಣೆಗೆ ನಿಗದಿಯಾದ ಒತ್ತಡದ ಮಿತಿ 232 ಬಾರ್.

ಡಿನ್ ಎಂಬುದು 1917ರಲ್ಲಿ ಸ್ಥಾಪನೆಯಾದ ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ಈ ಪದ್ಧತಿಯಲ್ಲಿ ರೆಗ್ಯುಲೇಟರಿನ ತುದಿಯೇ ಒಂದು ತಿರುಪು. ಅದು ವಾಲ್ವಿನ ಒಳಗಿನ ಥ್ರೆಡ್ಡಿನಲ್ಲಿ ಸುತ್ತುತ್ತ ಆಳಕ್ಕೆ ಇಳಿಯುತ್ತದೆ. ಓ-ರಿಂಗ್ ರೆಗ್ಯುಲೇಟರಿನ ತುದಿಯಲ್ಲಿರುತ್ತದೆ. ಬಿಗಿದ ಮೇಲೆ ಸುತ್ತಲೂ ಲೋಹವಿರುವುದರಿಂದ ಉಂಗುರಕ್ಕೆ ಹೊರಚಿಮ್ಮಲು ದಾರಿಯೇ ಇರುವುದಿಲ್ಲ. ಹೊರಗೆ ಚಾಚಿದ ಚೌಕಟ್ಟು ಇಲ್ಲದ್ದರಿಂದ ಪೆಟ್ಟು ತಗಲುವುದೂ ಬಲೆಗೆ ಸಿಕ್ಕಿಕೊಳ್ಳುವುದೂ ಕಡಿಮೆ. ಓ-ರಿಂಗ್ ನಿಮ್ಮದೇ ಆದ್ದರಿಂದ ಅದರ ವಯಸ್ಸು ನಿಮಗೆ ಗೊತ್ತಿರುತ್ತದೆ.

ಡಿನ್‌ನಲ್ಲೂ ಎರಡು ಅಳತೆಗಳಿವೆ: 232 ಬಾರಿನದು ಗಿಡ್ಡ, ಸುಮಾರು ಐದು ಸುತ್ತಿನ ಥ್ರೆಡ್. 300 ಬಾರಿನದು ಉದ್ದ, ಸುಮಾರು ಏಳು ಸುತ್ತು. ಉದ್ದದ ರೆಗ್ಯುಲೇಟರ್ ಎರಡೂ ಬಗೆಯ ವಾಲ್ವಿಗೆ ಆಗುತ್ತದೆ. ಗಿಡ್ಡದ್ದು 300 ಬಾರಿನ ವಾಲ್ವಿನಲ್ಲಿ ತಳ ಮುಟ್ಟುವುದೇ ಇಲ್ಲ, ತೆರೆದ ಕೂಡಲೇ ಗಾಳಿ ಸೋರುತ್ತದೆ. ಇದು ತಯಾರಕರ ಮರೆವಲ್ಲ. ಕಡಿಮೆ ಒತ್ತಡಕ್ಕೆ ಮಾಡಿದ ರೆಗ್ಯುಲೇಟರ್ ಹೆಚ್ಚು ಒತ್ತಡದ ಸಿಲಿಂಡರಿಗೆ ಕೂರಬಾರದು ಎಂದೇ ಹಾಗೆ ಮಾಡಿದ್ದಾರೆ. ಹೊಸದಾಗಿ ಬದಲಿಸುವವರು 300 ಬಾರಿನ ತುದಿಯನ್ನೇ ಹಾಕಿಸುವುದು ಜಾಣತನ.

ನಾನು ಹಾಕಿಸಿದ ಎರಡನೇ ವಾಷರ್

ತಪ್ಪು ಜೋಡಣೆ ಕೂರದಂತೆ ಮಾಡುವ ಈ ಉಪಾಯ ನನಗೆ ಹೊಸದಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಯಂತ್ರಕ್ಕೆ ಸಿಕ್ಕಿಸುವ ಚಿಕ್ಕ ಸಿಲಿಂಡರುಗಳ ಜೋಡಣೆಯೂ ಯೋಕ್, ಡೈವಿಂಗ್ ನೊಗದ ಒಡಹುಟ್ಟು. ಆದರೆ ಅಲ್ಲಿ ಒಂದು ಹೆಚ್ಚಿನ ಕಾವಲು ಇದೆ. ನೊಗದಲ್ಲಿ ಎರಡು ಮೊಳೆಗಳು, ಸಿಲಿಂಡರಿನ ವಾಲ್ವಿನಲ್ಲಿ ಅವಕ್ಕೆ ತಕ್ಕ ಎರಡು ರಂಧ್ರಗಳು. ಆಮ್ಲಜನಕಕ್ಕೆ 2 ಮತ್ತು 5ನೇ ಸ್ಥಾನ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5, ಗಾಳಿಗೆ 1 ಮತ್ತು 5. ಆಮ್ಲಜನಕದ ನೊಗಕ್ಕೆ ಬೇರೆ ಅನಿಲದ ಸಿಲಿಂಡರ್ ಹಿಡಿದರೆ ಮೊಳೆ ಅಡ್ಡ ಬಂದು ಕೂರುವುದೇ ಇಲ್ಲ. 1950ರ ದಶಕದಲ್ಲಿ ಬಂದ ಈ ಪಿನ್ ಇಂಡೆಕ್ಸ್ ಪದ್ಧತಿ ಉಳಿಸಿದ ಜೀವಗಳು ಅಷ್ಟಿಷ್ಟಲ್ಲ.

1980ರ ದಶಕದ ಆರಂಭದಲ್ಲಿ ನಾನು ಹೌಸ್ ಸರ್ಜನ್ ಆಗಿದ್ದೆ. ಒಂದು ಬೆಳಿಗ್ಗೆ ಆಮ್ಲಜನಕದ ಸಿಲಿಂಡರ್ ನೊಗದ ಬಳಿ ಸಣ್ಣಗೆ ಸುಯ್‌ಗುಟ್ಟುತ್ತಿತ್ತು. ಅಲ್ಲಿ ಬೋಡಾಕ್ ಸೀಲ್ ಎಂಬ ಲೋಹದ ಅಂಚಿನ ರಬ್ಬರ್ ವಾಷರ್ ಇರುತ್ತದೆ, ಅದು ಸವೆದಿತ್ತು. ಹಳೆಯದನ್ನು ತೆಗೆದು ಹೊಸದು ಹಾಕಬೇಕಿತ್ತು. ನಾನು ಅವಸರದಲ್ಲಿ, "ಅದರ ಮೇಲೇ ಇನ್ನೊಂದು ಹಾಕಿ ಬಿಗಿ" ಎಂದೆ. ಥಿಯೇಟರಿನ ಸಹಾಯಕ ಹಾಗೇ ಮಾಡಿದ. ಶಬ್ದ ನಿಂತಿತು. ನಾನು ಹೆಮ್ಮೆಯಿಂದ ಕೈ ತೊಳೆಯಲು ಹೋದೆ.

ಅರಿವಳಿಕೆಯ ಹಿರಿಯ ವೈದ್ಯೆ ಬಂದು ಎಂದಿನಂತೆ ಸಿಲಿಂಡರನ್ನು ಹಿಡಿದು ಒಮ್ಮೆ ಅಲುಗಿಸಿ ನೋಡಿದರು. ಅದು ಕೊಂಚ ಆಡಿತು. ಬಿಚ್ಚಿಸಿದರು. ಎರಡು ವಾಷರಿನ ದಪ್ಪಕ್ಕೆ ಸಿಲಿಂಡರ್ ಹಿಂದೆ ಸರಿದು ಮೊಳೆಗಳ ತುದಿ ಮಾತ್ರ ರಂಧ್ರಕ್ಕೆ ತಾಗಿದ್ದವು. ಆ ಸ್ಥಿತಿಯಲ್ಲಿ ಯಾವ ಅನಿಲದ ಸಿಲಿಂಡರ್ ಆದರೂ ಅಲ್ಲಿ ಕೂರುತ್ತಿತ್ತು. ಅಂದು ಇದ್ದದ್ದು ಆಮ್ಲಜನಕವೇ, ರೋಗಿಗೆ ಏನೂ ಆಗಲಿಲ್ಲ. ಅವರು ಬೈಯಲಿಲ್ಲ. ಶಬ್ದ ನಿಂತದ್ದಕ್ಕೂ ಜೋಡಣೆ ಸರಿಯಾದದ್ದಕ್ಕೂ ಸಂಬಂಧವಿಲ್ಲ ಎಂದಷ್ಟೇ ಹೇಳಿ, ಎರಡೂ ವಾಷರನ್ನು ನನ್ನ ಅಂಗೈಯಲ್ಲಿಟ್ಟು ಒಳಹೋದರು. ಮುಂದಿನ ನಾಲ್ಕು ದಶಕ ನಾನು ಯಾವ ಸಿಲಿಂಡರನ್ನೂ ಅಲುಗಿಸದೆ ನಂಬಿಲ್ಲ.

ಅಡಾಪ್ಟರೋ, ಪರಿವರ್ತನೆಯೋ

ಮಿಕ್ಸಿಯ ಪ್ರಶ್ನೆಗೆ ಮರಳೋಣ. ನಿಮ್ಮಲ್ಲಿ ಡಿನ್ ರೆಗ್ಯುಲೇಟರ್ ಇದ್ದು ಎದುರಿಗಿರುವ ಸಿಲಿಂಡರ್ ಯೋಕ್ ಆದರೆ ಸುಲಭ. ಡಿನ್ ತುದಿಯ ಮೇಲೆ ತಿರುಪಿ ಕೂರಿಸುವ ನೊಗದ ಅಡಾಪ್ಟರ್ ಸಿಗುತ್ತದೆ. ನಮ್ಮ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗಿರುವ ನೇತ್ರಾಣಿ ದ್ವೀಪಕ್ಕೆ ರಜೆಯಲ್ಲಿ ಡೈವಿಂಗಿಗೆ ಹೋಗುವವರು ಇದನ್ನು ಚೀಲದಲ್ಲಿಟ್ಟುಕೊಂಡರೆ ಅಲ್ಲಿನ ಸಿಲಿಂಡರ್ ಯಾವುದಾದರೂ ಚಿಂತೆಯಿಲ್ಲ. ಅನನುಕೂಲಗಳೂ ಇವೆ. ಜೋಡಣೆ ಒಂದಿದ್ದದ್ದು ಎರಡಾಗುತ್ತದೆ, ಸೋರಬಹುದಾದ ಜಾಗವೂ ಒಂದು ಹೆಚ್ಚುತ್ತದೆ. ಮೊದಲ ಹಂತ ತಲೆಯ ಹಿಂಭಾಗಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ. ಒತ್ತಡದ ಮಿತಿ ಮತ್ತೆ ಯೋಕ್‌ನದೇ.

ಯೋಕ್ ರೆಗ್ಯುಲೇಟರ್ ಇದ್ದು ಸಿಲಿಂಡರ್ ಡಿನ್ ಆಗಿದ್ದರೆ, ಮೊದಲು ವಾಲ್ವನ್ನು ನೋಡಬೇಕು. ಕೆಲವು 232 ಬಾರಿನ ಡಿನ್ ವಾಲ್ವುಗಳ ಬಾಯಿಗೆ ಒಂದು ತಿರುಪಿನ ಬಿಲ್ಲೆ ಹಾಕಿ ಅದನ್ನು ಯೋಕ್ ಮುಖವಾಗಿ ಮಾಡಬಹುದು. ಅಲೆನ್ ಕೀಯಿಂದ ಹಾಕಿ ತೆಗೆಯುವ ಬಿಲ್ಲೆ ಅದು. 300 ಬಾರಿನ ವಾಲ್ವಿಗೆ ಈ ಬಿಲ್ಲೆ ಆಗುವುದಿಲ್ಲ, ಅಷ್ಟು ಒತ್ತಡಕ್ಕೆ ನೊಗ ಹೂಡಬಾರದೆಂದೇ ಹಾಗಿದೆ. ಆಗ ಉಳಿಯುವುದು ರೆಗ್ಯುಲೇಟರಿನ ನೊಗವನ್ನೇ ತೆಗೆದು ಡಿನ್ ತುದಿ ಹಾಕಿಸುವ ದಾರಿ. ಮೇಲಾಗಿ, ಡಿನ್ ಮಾಡಿಸಿ ನೊಗದ ಅಡಾಪ್ಟರ್ ಇಟ್ಟುಕೊಂಡವರು ಎಲ್ಲಿಗೆ ಹೋದರೂ ಗೆದ್ದಂತೆ. ಆದ್ದರಿಂದ ಮಗಳ ಆಯ್ಕೆ ಸರಿಯಾಗಿಯೇ ಇತ್ತು.

ಬದಲಿಸುವ ಕ್ರಮ

ಕೆಲಸ ಕೇಳಲು ಸರಳ. ರೆಗ್ಯುಲೇಟರನ್ನು ಸಿಹಿನೀರಲ್ಲಿ ತೊಳೆದು ಒಣಗಿಸಿ, ಒಳಗೆ ಒತ್ತಡ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೊದಲ ಹಂತದ ಗಟ್ಟಿಯನ್ನು ಹಿಡಿಯಲು ಬೆಂಚಿನ ವೈಸ್ ಬಳಸಬಾರದು, ಹಿತ್ತಾಳೆಯ ಮೈಗೆ ಗಾಯವಾಗುತ್ತದೆ. ಕೊಳವೆ ಕೂರುವ ರಂಧ್ರವೊಂದಕ್ಕೆ ತಿರುಪುವ ವಿಶೇಷ ಹಿಡಿಕೆ ಇರುತ್ತದೆ, ಅದನ್ನು ಬಳಸಬೇಕು. ನೊಗವನ್ನು ಹಿಡಿದಿರುವ ಟೊಳ್ಳು ನಟ್ಟನ್ನು ತಕ್ಕ ಸ್ಪ್ಯಾನರಿನಿಂದ ಬಿಚ್ಚಿದರೆ ನೊಗ ಮತ್ತು ಧೂಳುಮುಚ್ಚಳ ಕಳಚಿಕೊಳ್ಳುತ್ತವೆ. ಒಳಗೆ ಸಣ್ಣ ಲೋಹದ ಸೋಸುಬಿಲ್ಲೆ, ಅದರ ಹತ್ತಿರ ಓ-ರಿಂಗ್ ಇರುತ್ತವೆ. ಹಳೆಯ ಓ-ರಿಂಗ್ ಕಸದ ಬುಟ್ಟಿಗೆ ಹೋಗಬೇಕು, ಚೆನ್ನಾಗಿ ಕಂಡರೂ.

ಹೊಸ ಓ-ರಿಂಗಿಗೆ ಸಿಲಿಕೋನ್ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ, ಹೊಸ ಸೋಸುಬಿಲ್ಲೆಯೊಂದಿಗೆ ಡಿನ್ ತುದಿಯನ್ನು ಕೈಯಿಂದಲೇ ಕೊನೆಯವರೆಗೆ ತಿರುಪಬೇಕು. ಕೊನೆಯ ಬಿಗಿತ ಮಾತ್ರ ಟಾರ್ಕ್ ವ್ರೆಂಚಿನಲ್ಲಿ, ಆ ಮಾದರಿಗೆ ತಯಾರಕರು ಕೊಟ್ಟ ಅಂಕಿಗೆ. ಕಡಿಮೆಯಾದರೆ ಬಳಕೆಯಲ್ಲಿ ಸಡಿಲವಾಗುತ್ತದೆ, ಹೆಚ್ಚಾದರೆ ಥ್ರೆಡ್ ಹಿಗ್ಗುತ್ತದೆ. ಆಮ್ಲಜನಕದ ಪ್ರಮಾಣ ಹೆಚ್ಚಿಸಿದ ಗಾಳಿ ಬಳಸುವವರಿಗೆ ಗ್ರೀಸೂ ಓ-ರಿಂಗೂ ಬೇರೆ ಬಗೆಯವು. ಸಾಮಾನ್ಯ ಎಣ್ಣೆ ಅಥವಾ ಗ್ರೀಸು ಒತ್ತಡದ ಆಮ್ಲಜನಕದಲ್ಲಿ ಹೊತ್ತಿಕೊಳ್ಳಬಲ್ಲದು.

ಆಮೇಲೆ ಪರೀಕ್ಷೆ. ತುಂಬಿದ ಸಿಲಿಂಡರಿಗೆ ಜೋಡಿಸಿ ವಾಲ್ವನ್ನು ನಿಧಾನ ತೆರೆದು, ಎರಡು ಹಂತಗಳ ನಡುವಿನ ಒತ್ತಡವನ್ನು ಗೇಜಿನಲ್ಲಿ ಕೆಲವು ನಿಮಿಷ ನೋಡಬೇಕು. ಮುಳ್ಳು ಒಂದೆಡೆ ನಿಲ್ಲಬೇಕು, ಮೇಲೇರುತ್ತಿದ್ದರೆ ಒಳಗಿನ ಸೀಟು ಸೋರುತ್ತಿದೆ ಎಂದರ್ಥ. ಕೊನೆಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು.

ಇಷ್ಟನ್ನು ಓದಿ, ಕಿಟ್ಟನ್ನು ಊಟದ ಮೇಜಿನ ಮೇಲೆ ಹರಡಿ, ಸ್ಪ್ಯಾನರ್ ಹಿಡಿದು ನಾನು ಕೂತೆ. ನೊಗ ಬಿಚ್ಚಿಕೊಂಡಿತು. ಹೊಸ ತುದಿಯನ್ನು ಕೈಯಿಂದ ತಿರುಪಿದೆ. ಒಂದೂವರೆ ಸುತ್ತು ಸಲೀಸಾಗಿ ಹೋಯಿತು, ಅಲ್ಲಿಗೆ ಬಿಗಿಯಾಯಿತು. ಇನ್ನೊಂದಿಷ್ಟು ಬಲ ಹಾಕಿದರೆ ಹೋಗುತ್ತದೆ ಎಂದು ಕೈ ಹೇಳಿತು, ಮಗಳೂ ಹೇಳಿದಳು. ನನಗೆ ಆ ಎರಡು ವಾಷರುಗಳ ನೆನಪಾಯಿತು. ಬಿಚ್ಚಿಟ್ಟೆ.

ಮರುದಿನ ಎಲ್ಲವನ್ನೂ ಪೊಟ್ಟಣ ಕಟ್ಟಿ, ಆ ತಯಾರಕರಿಂದಲೇ ತರಬೇತಿ ಪಡೆದ ತಂತ್ರಜ್ಞರೊಬ್ಬರ ಬಳಿ ಒಯ್ದೆವು. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಕಿಟ್ಟು ಬೇರೆ ಮಾದರಿಯದು, ಥ್ರೆಡ್ಡಿನ ಅಳತೆ ಬೇರೆ. ಡಿನ್‌ನಲ್ಲಿ ಸಿಲಿಂಡರಿನ ಕಡೆಯ ಥ್ರೆಡ್ ಮಾತ್ರ ಜಾಗತಿಕ ಅಳತೆಯದು. ರೆಗ್ಯುಲೇಟರಿನ ಮೈಗೆ ಕೂರುವ ಕಡೆ ಒಬ್ಬೊಬ್ಬ ತಯಾರಕರದು ಒಂದೊಂದು, ಒಬ್ಬರದೇ ಮಾದರಿಗಳಲ್ಲೂ ವ್ಯತ್ಯಾಸ. ಬಲ ಹಾಕಿದ್ದರೆ ಹಿತ್ತಾಳೆಯ ಥ್ರೆಡ್ ಕೊರೆದು ಹೋಗಿ, ಒಂದೂವರೆ ಸುತ್ತಿನ ಹಿಡಿತದ ಮೇಲೆ ಆ 300 ಕಿಲೋ ಬಲ ನಿಲ್ಲಬೇಕಿತ್ತು.

ಅವರು ಇನ್ನೊಂದನ್ನೂ ತೋರಿಸಿದರು. ನಾನು ಗಮನಿಸದೆ ಪಕ್ಕಕ್ಕಿಟ್ಟಿದ್ದ ಹಳೆಯ ಸೋಸುಬಿಲ್ಲೆ ಹಸಿರು ಬಣ್ಣಕ್ಕೆ ತಿರುಗಿತ್ತು. ಹಸಿರು ಎಂದರೆ ಎಂದೋ ಉಪ್ಪುನೀರು ಒಳಹೋಗಿದೆ. ಕೆಂಗಂದು ಎಂದರೆ ಉಕ್ಕಿನ ಸಿಲಿಂಡರಿನ ತುಕ್ಕು. ಕಪ್ಪು ಎಂದರೆ ಗಾಳಿ ತುಂಬುವ ಕಂಪ್ರೆಸರಿನ ಎಣ್ಣೆ ಅಥವಾ ಇದ್ದಿಲಿನ ಪುಡಿ. ನಾವು ವೈದ್ಯರು ನಾಲಿಗೆ ನೋಡಿದಂತೆ ಅವರು ಆ ಬಿಲ್ಲೆ ನೋಡುತ್ತಾರೆ. ಇಡೀ ಮೊದಲ ಹಂತವನ್ನು ಬಿಚ್ಚಿ ಸ್ವಚ್ಛಗೊಳಿಸಬೇಕಾಯಿತು. ಮನೆಯಲ್ಲೇ ತುದಿ ಬದಲಿಸಿದ್ದರೆ ಈ ರೋಗ ಒಳಗೇ ಉಳಿಯುತ್ತಿತ್ತು.

ನೀರಿನಡಿ ಕೈಕೊಟ್ಟರೆ

ವೈದ್ಯನಾಗಿ ಒಂದು ಮಾತು ಹೇಳಲೇಬೇಕು. 20 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಮೂರು ಪಟ್ಟು. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಸಾಕಾದವರಿಗೆ ಅಲ್ಲಿ 60 ಲೀಟರ್ ಬೇಕು. 2400 ಲೀಟರ್ ಸುಮಾರು 40 ನಿಮಿಷಕ್ಕೆ ಮುಗಿಯುತ್ತದೆ. ಆದ್ದರಿಂದಲೇ ಒಂದು ಪಾಲು ಉಳಿಸಿಕೊಂಡು ಮೇಲೇರುವುದು ನಿಯಮ. ಓ-ರಿಂಗ್ ಸಿಡಿದರೆ ಅಷ್ಟೂ ಗಾಳಿ ಕೆಲವೇ ನಿಮಿಷಗಳಲ್ಲಿ ಖಾಲಿ.

ಆದರೆ ಗಾಳಿ ಮುಗಿಯುವುದಕ್ಕಿಂತ ಹೆಚ್ಚಿನ ಅಪಾಯ ಗಾಬರಿ. ಗಾಬರಿಗೊಂಡವರು ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುತ್ತಾರೆ. 10 ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಎದೆಯೊಳಗಿನ ಗಾಳಿ ಇಮ್ಮಡಿಯಾಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಶ್ವಾಸಕೋಶದ ಗೂಡುಗಳು ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೆ ಹೋಗಬಹುದು. ಪಾರ್ಶ್ವವಾಯು ಬಡಿದವರಂತೆ ರೋಗಿ ಕುಸಿಯುತ್ತಾನೆ. ಅದಕ್ಕೆ ಚಿಕಿತ್ಸೆ ತಕ್ಷಣದ ಶುದ್ಧ ಆಮ್ಲಜನಕ ಮತ್ತು ಒತ್ತಡದ ಕೋಣೆ. ಆದ್ದರಿಂದ ಮಕ್ಕಳಿಗೆ ಕಲಿಸುವ ಮೊದಲ ಪಾಠ ಇದು: ಏನೇ ಆಗಲಿ ಉಸಿರು ಹಿಡಿಯಬಾರದು, ಜೊತೆಗಾರರ ಹೆಚ್ಚುವರಿ ರೆಗ್ಯುಲೇಟರ್ ತೆಗೆದುಕೊಂಡು ನಿಧಾನವಾಗಿ ಮೇಲೇರಬೇಕು.

ಈ ಸಮುದ್ರದಲ್ಲೇ ಮುತ್ತಿಗಾಗಿ ಮುಳುಗುತ್ತಿದ್ದವರಿಗೆ ಇಂಥ ಸಲಕರಣೆ ಇರಲಿಲ್ಲ. ಮೂಗಿಗೆ ಒಂದು ಚಿಮಟಿಗೆ, ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ, ದೋಣಿಯ ಮೇಲೆ ಆ ಹಗ್ಗ ಹಿಡಿದ ಒಬ್ಬ ಸಾಯಿಬ್. ಮುಳುಗಿದವನ ಜೀವ ಆ ಹಗ್ಗ ಹಿಡಿದವನ ಕೈಯಲ್ಲಿ. ಜಪಾನಿನ ಕೃಷಿ ಮುತ್ತು ಬಂದು, 1938ರಲ್ಲಿ ಬುರ್ಗಾನಿನಲ್ಲಿ ತೈಲ ಸಿಕ್ಕು ಆ ವೃತ್ತಿ ಮುಗಿಯಿತು. ಇಂದು ಆ ಹಗ್ಗದ ಜಾಗದಲ್ಲಿ ಈ ಜೋಡಣೆ ಇದೆ, ಹಗ್ಗ ಹಿಡಿದವನ ಜಾಗದಲ್ಲಿ ಅದನ್ನು ಬಿಗಿದವರಿದ್ದಾರೆ.

ಮನೆಯವರು ನೆನಪಿಡಬೇಕಾದದ್ದು

ಕಿಟ್ಟು ಕೊಳ್ಳುವ ಮೊದಲು ರೆಗ್ಯುಲೇಟರಿನ ತಯಾರಕರ ಹೆಸರಷ್ಟೇ ಅಲ್ಲ, ಮಾದರಿಯ ಹೆಸರನ್ನೂ ಬರೆದುಕೊಳ್ಳಿ. ಕೆಲಸವನ್ನು ಆ ತಯಾರಕರ ತರಬೇತಿ ಪಡೆದವರಿಂದ, ವಾರ್ಷಿಕ ಸರ್ವಿಸಿನ ಜೊತೆಗೇ ಮಾಡಿಸಿದರೆ ಖರ್ಚೂ ಕಡಿಮೆ.

ಡಿನ್ ತುದಿಗೆ ಮುಚ್ಚಳ ತಪ್ಪಬಾರದು. ಇಲ್ಲಿನ ಧೂಳು ಥ್ರೆಡ್ಡಿನೊಳಗೆ ಕೂರುತ್ತದೆ. ಈ ಸಮುದ್ರದ ಉಪ್ಪು ಲೀಟರಿಗೆ 40 ಗ್ರಾಮಿಗೂ ಹೆಚ್ಚು, ತೆರೆದ ಸಾಗರದಲ್ಲಿ ಅದು 35ರ ಆಸುಪಾಸು. ಪ್ರತಿ ಸಲ ಸಿಹಿನೀರಲ್ಲಿ ತೊಳೆಯುವುದು ಕಡ್ಡಾಯ, ತೊಳೆಯುವಾಗ ಮುಚ್ಚಳ ಹಾಕಿರುವುದೂ ಕಡ್ಡಾಯ. ಬಿಗಿಯುವುದು ಕೈಯಿಂದ ಮಾತ್ರ. ಬಿಚ್ಚಲು ಬರದಿದ್ದರೆ ಸ್ಪ್ಯಾನರ್ ತರಬೇಡಿ. ಒಳಗೆ ಒತ್ತಡ ಉಳಿದಿದೆ ಎಂದರ್ಥ, ವಾಲ್ವ್ ಮುಚ್ಚಿ ಬಾಯಿಯ ಗುಂಡಿ ಒತ್ತಿ ಗಾಳಿ ಬಿಡಿ.

ತುಂಬಿದ ಸಿಲಿಂಡರನ್ನು ಬೇಸಿಗೆಯಲ್ಲಿ ಕಾರಿನಲ್ಲಿ ಬಿಡಬೇಡಿ. 25 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 65 ಡಿಗ್ರಿಗೆ ಸುಮಾರು 227 ಬಾರ್ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಹಳೆಯ ಸಿಲಿಂಡರ್ ಕೊಂಡು ಅದರ ವಾಲ್ವನ್ನೇ ಬದಲಿಸುವ ಯೋಚನೆ ಬಂದರೆ ಅಲ್ಲೇ ನಿಲ್ಲಿ. ಸಿಲಿಂಡರಿನ ಕುತ್ತಿಗೆಯ ಥ್ರೆಡ್ಡಿನಲ್ಲೂ ಎರಡು ಬಗೆಯಿವೆ, ಅಮೆರಿಕದ ಮುಕ್ಕಾಲು ಇಂಚಿನದು, ಯುರೋಪಿನ 25 ಮಿ.ಮೀ. ಮೆಟ್ರಿಕ್. ಮೆಟ್ರಿಕ್ ವಾಲ್ವ್ ಮುಕ್ಕಾಲು ಇಂಚಿನ ಕುತ್ತಿಗೆಯಲ್ಲಿ ತಿರುಗಿ ಕೂತುಬಿಡುತ್ತದೆ, ಕಡಿಮೆ ಒತ್ತಡದಲ್ಲಿ ಸೋರುವುದೂ ಇಲ್ಲ. ತುಂಬುತ್ತ ಹೋದಂತೆ ಗುಂಡಿನಂತೆ ಹಾರುತ್ತದೆ. ಇದರಿಂದ ಜೀವಗಳು ಹೋಗಿವೆ. ಇಲ್ಲಿ ತಪ್ಪನ್ನು ತಡೆಯುವ ಮೊಳೆಯೂ ಇಲ್ಲ, ಗಿಡ್ಡ ಥ್ರೆಡ್ಡೂ ಇಲ್ಲ. ಕುತ್ತಿಗೆಯ ಮೇಲೆ ಕೆತ್ತಿದ ಅಕ್ಷರ ಓದಬಲ್ಲ ತಂತ್ರಜ್ಞರ ಕಣ್ಣೊಂದೇ ಕಾವಲು.

ಹೊಸ ತುದಿ ಹಾಕಿಸಿದ ಮೇಲಿನ ಮೊದಲ ಶುಕ್ರವಾರ ನಾನೂ ದೋಣಿಯಲ್ಲಿ ಹೋದೆ. ಮಗಳು ಡಿನ್ ತುದಿಯನ್ನು ಬೆರಳಲ್ಲಿ ತಿರುಪಿ, ವಾಲ್ವ್ ನಿಧಾನ ತೆರೆದು ಕಿವಿಗೊಟ್ಟಳು. "ಶಬ್ದ ಇಲ್ಲ ಅಪ್ಪ" ಎಂದಳು. ನಾನು ಸಿಲಿಂಡರನ್ನು ಹಿಡಿದು ಒಮ್ಮೆ ಅಲುಗಿಸಿದೆ. ಆಡಲಿಲ್ಲ. ವಾಲ್ವನ್ನು ಮುಚ್ಚಿಸಿ ಗೇಜಿನ ಮುಳ್ಳನ್ನು ಎರಡು ನಿಮಿಷ ನೋಡಿದೆವು, ಅದು 200ರಿಂದ ಇಳಿಯಲಿಲ್ಲ. ಮತ್ತೆ ತೆರೆದಳು. ಆಮೇಲೆ ಹೋಗು ಎಂದೆ.